ಕಟ್ಟಿದ ಕಾಲು

ಅವರಿಗೆ ಕಾಲು ಬೇಕಾಗಿತ್ತು. ಮೇಸ್ತ್ರಿ ಬಂದು ಹಾಗೇ ಹೇಳಿದ. "ಆಟದ ಆಸ್ಪತ್ರೆಯವರು ಬಂದಿದಾರೆ. ಗಟ್ಟಿ ಕಾಲು ಬೇಕಂತೆ. ಯಾರು ಹೋಗ್ತೀರಿ?"

ನಾವು ಗೋದಾಮಿನ ಬಾಗಿಲಲ್ಲಿ ಉಪ್ಪಿನ ಮೂಟೆಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು.

"ಕಡ್ಕೊಂಡು ಹೋಗ್ತಾರಾ, ಇಲ್ಲೇ ಬೇಯಿಸ್ತಾರಾ?" ಎಂದು ಉದ್ದಕ್ಕ ಕೇಳಿದಳು. ಎಲ್ಲರೂ ನಕ್ಕೆವು.

ಆಳು ಉದ್ದ ಅಂತ ಅವಳಿಗೆ ಉದ್ದಕ್ಕ ಎನ್ನುತ್ತೇವೆ, ನನ್ನ ಜೋಡಿ. ನಮ್ಮದು ಹೆಂಗಸರ ಗುಂಪು. ಗಂಡಸರು ಸಿಮೆಂಟು, ಕಬ್ಬಿಣ ಹೊರುತ್ತಾರೆ. ನಮಗೆ ಉಪ್ಪು, ಸಕ್ಕರೆ, ಹಿಟ್ಟು, ಕಾಳು. ಮೂಟೆಯ ಎರಡು ಕಿವಿ ಹಿಡಿದು ಒಬ್ಬರ ಬೆನ್ನಿಗೆ ಒಬ್ಬರು ಏರಿಸುವುದು ಜೋಡಿಯ ಕೆಲಸ. ಬೆನ್ನಿಗೆ ಬಂದ ಮೇಲೆ ಮೂಟೆ ನಿನ್ನದು, ಹಲಗೆ ನಿನ್ನದು. ಲಾರಿಯ ಹಿಂಭಾಗಕ್ಕೆ ಒರಗಿಸಿದ ಹಲಗೆ ಒಂದಾಳು ಅಗಲ. ಅದರ ಮೇಲೆ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಮುಟ್ಟಿದರೆ ಇಬ್ಬರೂ ಕೆಳಗೆ.

ಮೇಸ್ತ್ರಿಯ ಹಿಂದೆ ಒಬ್ಬಳು ಡಾಕ್ಟರಮ್ಮ ಬಂದಳು. ವಯಸ್ಸು ನನ್ನಷ್ಟೇ ಇರಬೇಕು. ಬಿಳಿ ಬೂಟು. ಚೆಲ್ಲಿದ ಉಪ್ಪನ್ನು ಕೆಸರು ದಾಟುವ ಹಾಗೆ ಕಾಲೆತ್ತಿ ದಾಟಿದಳು. ಮಾತು ಮಾತ್ರ ಬೆಣ್ಣೆ. ಮಾತಿಗೊಂದು ಅಕ್ಕ. ಓಟಗಾರರು, ಭಾರ ಎತ್ತುವವರು ಪೆಟ್ಟು ಮಾಡಿಕೊಂಡರೆ ಅವರ ಕಾಲು ಕಟ್ಟಿ ಕೂರಿಸುತ್ತಾರಂತೆ. ಕಟ್ಟಿದ ಕಾಲಿನಿಂದ ಬಲ ಎಷ್ಟು ಬೇಗ ಇಳಿಯುತ್ತದೆ, ಯಾವ ಕಸರತ್ತು ಮಾಡಿಸಿದರೆ ಎಷ್ಟು ಬೇಗ ವಾಪಸ್ಸು ಬರುತ್ತದೆ, ಅದು ಅವಳ ಸಂಶೋಧನೆ. ಅದಕ್ಕೆ ಪೆಟ್ಟಾಗದ, ಗಟ್ಟಿಮುಟ್ಟಾದ ಕಾಲು ಬೇಕು. ಮೂರು ವಾರ ಕಟ್ಟಿಡಬೇಕು.

"ಆಟ ಆಡೋರ ಕಾಲೇ ಕಟ್ಟಬಹುದಲ್ಲ" ಎಂದೆ.

"ಅವರ ಕೋಚ್‌ಗಳು ಒಪ್ಪಲಿಲ್ಲ ಅಕ್ಕ. ಕಾಲು ಹಾಳಾದ್ರೆ ಅವರ ಜೀವನವೇ ಹೋಯ್ತಲ್ಲ."

ಇದನ್ನು ನಮ್ಮ ಮುಂದೆ ನಿಂತು ಹೇಳಿದಳು. ನಮ್ಮ ಬೆನ್ನ ಹಿಂದೆ ಲಾರಿ ನಿಂತಿತ್ತು, ಹಲಗೆ ಒರಗಿತ್ತು. ಅದರಲ್ಲಿ ನಾಚಿಕೆಪಡುವಂಥದ್ದು ಇದೆ ಎಂದು ಅವಳಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಆವತ್ತು ನಮಗೂ ಹೊಳೆಯಲಿಲ್ಲ.

"ಕಟ್ಟಿದಷ್ಟು ದಿನ ಮನೇಲಿ ಕೂತಿರಿ, ಕೂಲಿ ನಾವು ಕೊಡ್ತೀವಿ. ಬಿಚ್ಚಿದ ಮೇಲೆ ಅಳತೆ ಮಾಡ್ತೀವಿ. ಬಲ ಇಳಿದಿದ್ರೆ ಯಂತ್ರದ ಮೇಲೆ ಕಸರತ್ತು ಮಾಡಿಸಿ, ಮೊದಲಿನ ಹಾಗೆ ಮಾಡಿಯೇ ಕಳಿಸ್ತೀವಿ. ಇದು ನನ್ನ ಮಾತು."

ಕೂತು ಕೂಲಿ. ಈ ಎರಡು ಮಾತನ್ನು ನನ್ನ ಜನ್ಮದಲ್ಲಿ ಒಟ್ಟಿಗೆ ಕೇಳಿರಲಿಲ್ಲ. ನಾನು ಕೈ ಎತ್ತಿದೆ. ನಾನು ಎತ್ತಿದ್ದಕ್ಕೆ ಉದ್ದಕ್ಕ ಎತ್ತಿದಳು. ನಮ್ಮ ಜಾಗ ಹಾಗೇ ಇರುತ್ತದೆ ಎಂದು ಮೇಸ್ತ್ರಿ ಹೇಳಿದ. ಅವನಿಗೆ ತಲೆಗಿಷ್ಟು ಅಂತ ಸಿಗುತ್ತದೆ ಎಂದು ಆಮೇಲೆ ತಿಳಿಯಿತು. ಕಾಲಿಗಿಷ್ಟು ಅನ್ನಬೇಕು.

ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಗಂಡ ಬೇರೆ ಕಡೆ ಬೇರೆ ಸಂಸಾರ ಮಾಡಿಕೊಂಡ. ಅತ್ತೆ ಮಗನ ಹಿಂದೆ ಹೋಗಲಿಲ್ಲ. "ಅವಳು ಸಾರಿಗೆ ಉಪ್ಪೇ ಹಾಕಲ್ಲ, ಅಲ್ಲಿ ಹೋಗಿ ಏನು ಮಾಡ್ಲಿ" ಎಂದು ನನ್ನ ಜೊತೆಯೇ ಉಳಿದಳು. ಅವಳೂ ಹೊರೆಯವಳೇ. ಕೂದಲು ಬೆಳ್ಳಗಾಗುವವರೆಗೂ ಹೊತ್ತಿದ್ದಾಳೆ. ಕುತ್ತಿಗೆ ಹೆಗಲೊಳಗೆ ಇಳಿದುಹೋಗಿದೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಾಳೆ.

"ಕೂರಿಸಿ ಕೂಲಿ ಕೊಡೋರು ಏನೋ ಕಿತ್ಕೋತಾರೆ" ಎಂದಳು.

"ಏನು ಕಿತ್ಕೋತಾರೆ? ಕಾಲು ನನ್ನ ಹತ್ರಾನೇ ಇರುತ್ತಲ್ಲ."

ಅತ್ತೆ ಮೂಗು ಮುರಿದು ಒಲೆಯ ಕಡೆ ಇಡೀ ಮೈ ತಿರುಗಿಸಿದಳು.

ಮೊದಲ ಅಳತೆಯ ದಿನ ವ್ಯಾನು ಬಂದು ಕರೆದುಕೊಂಡು ಹೋಯಿತು. ಆಟದ ಆಸ್ಪತ್ರೆ ಎಂದು ಹೆಸರಿಟ್ಟಿದ್ದು ಮೇಸ್ತ್ರಿ. ಅಲ್ಲಿ ರೋಗಿಗಳು ಯಾರೂ ಇಲ್ಲ. ಉದ್ದನೆಯ ಕೋಣೆ, ತಣ್ಣನೆ ಗಾಳಿ, ಹೊಸ ರಬ್ಬರಿನ ವಾಸನೆ. ಗಾಜಿನ ಆಚೆ ಹುಡುಗ ಹುಡುಗಿಯರು ಮೂಗಿಗೆ ಕೊಳವೆ ಹಾಕಿಕೊಂಡು, ಓಡುವ ಪಟ್ಟಿಯ ಮೇಲೆ ನಿಂತಲ್ಲೇ ಓಡುತ್ತಿದ್ದರು. ಬೆವರು ಕೆಳಗೆ ಬಿದ್ದರೆ ಒಬ್ಬಳು ಬಂದು ಒರೆಸುತ್ತಿದ್ದಳು. "ಇಷ್ಟು ಓಡಿ ಎಲ್ಲಿಗೂ ಹೋಗಲಿಲ್ಲವಲ್ಲ" ಎಂದು ಉದ್ದಕ್ಕ ಮರುಗಿದಳು.

ಅಳತೆಗೆ ಒಂದು ಕುರ್ಚಿ. ಎದೆಗೆ ಪಟ್ಟಿ, ಸೊಂಟಕ್ಕೆ ಪಟ್ಟಿ, ತೊಡೆಗೆ ಪಟ್ಟಿ ಬಿಗಿದು ಕೂರಿಸುತ್ತಾರೆ. ಕಣಕಾಲಿಗೆ ಒಂದು ಕಬ್ಬಿಣದ ತೋಳು ಕಟ್ಟುತ್ತಾರೆ. ಅದನ್ನು ಒದೆಯುವ ಹಾಗೆ ಮುಂದಕ್ಕೆ ತಳ್ಳಬೇಕು. ತಳ್ಳಿದರೆ ಎದುರಿನ ಪರದೆಯ ಮೇಲೆ ಒಂದು ಗೆರೆ ಗುಡ್ಡದ ಹಾಗೆ ಏಳುತ್ತದೆ. ಪಕ್ಕದಲ್ಲಿ ನಿಂತು "ತಳ್ಳಿ, ತಳ್ಳಿ, ತಳ್ಳಿ, ಇನ್ನೂ, ಇನ್ನೂ" ಎಂದು ಕಿರುಚುವುದಕ್ಕೆ ಅಂತಲೇ ಒಬ್ಬ ಇದ್ದ. ಸಂಬಳ ಅದಕ್ಕೇ. ನಾವು ಅವನಿಗೆ ಗಂಟಲು ಎಂದು ಹೆಸರಿಟ್ಟೆವು.

ನಮ್ಮ ಮುಂದೆ ಒಬ್ಬಳು ಕಾಲೇಜು ಹುಡುಗಿ ಇದ್ದಳು. ಅವಳೂ ಕಾಲು ಕಟ್ಟಿಸಿಕೊಳ್ಳಲು ಬಂದವಳೇ. ಕುರ್ಚಿಯಲ್ಲಿ ಕೂತು ಅವಳು ತಳ್ಳಿದ್ದು ನೋಡಿ ನಮಗೆ ಗಾಬರಿಯಾಯಿತು. ಮುಖ ಕೆಂಪಾಯಿತು, ಕುತ್ತಿಗೆ ನರ ಎದ್ದಿತು, ಕಿರುಚಿದಳು, ಆಮೇಲೆ ಹಾಗೇ ಕುರ್ಚಿಗೆ ಒರಗಿಬಿಟ್ಟಳು.

"ಇವಳು ಹಲಗೆ ಹತ್ತಿದ್ರೆ ಮಧ್ಯಾಹ್ನದೊಳಗೆ ಮಲಗ್ತಾಳೆ" ಎಂದು ಉದ್ದಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ನಾವು ಹಾಗೆ ತಳ್ಳುವವರಲ್ಲ. ಗುಂಪಿಗೆ ಹೊಸದಾಗಿ ಬಂದವಳು ಬೆಳಿಗ್ಗೆ ಹಲಗೆಯ ಮೇಲೆ ಓಡುತ್ತಾಳೆ. ಮಧ್ಯಾಹ್ನ ಗೋಡೆ ಹಿಡಿದು ವಾಂತಿ ಮಾಡುತ್ತಾಳೆ. ಮರುದಿನ ಬರುವುದಿಲ್ಲ. ಉಳಿದವರು ಕಲಿತಿರುತ್ತೇವೆ. ಮೂಟೆ ಕೇಳಿದಷ್ಟೇ ಕೊಡಬೇಕು. ಮುಂದಿನ ಮೂಟೆಗೆ, ಅದರ ಮುಂದಿನದಕ್ಕೆ, ಸಂಜೆ ಬರುವ ಲಾರಿಗೆ, ಮನೆಯ ಮೆಟ್ಟಿಲಿಗೆ ಎಂದು ಇಟ್ಟುಕೊಳ್ಳಬೇಕು. ಕಲಿತು ಎಷ್ಟು ಕಾಲವಾಯಿತೆಂದರೆ, ಇಟ್ಟುಕೊಳ್ಳುತ್ತಿದ್ದೇನೆ ಎನ್ನುವುದೇ ಗೊತ್ತಾಗುವುದಿಲ್ಲ. ನಾನು ಕುರ್ಚಿಯಲ್ಲಿ ಕೂತೆ. ಗಂಟಲು ಕಿರುಚಿದ. ನಾನು ತಳ್ಳಿದೆ. ಬೆಳಗಿನ ಮೊದಲ ಮೂಟೆಗೆ ತಳ್ಳುವ ಹಾಗೆ ತಳ್ಳಿದೆ. "ಇಷ್ಟೇನಾ ಅಕ್ಕ?" ಎಂದ. "ಇಷ್ಟೇ" ಎಂದೆ. ಸುಳ್ಳು ಹೇಳಲಿಲ್ಲ. ನನಗೆ ಗೊತ್ತಿದ್ದದ್ದೇ ಅಷ್ಟು.

ಅವತ್ತೇ ಕಾಲು ಕಟ್ಟಿದರು. ತೊಡೆಯಿಂದ ಕಣಕಾಲಿನವರೆಗೆ ಕಪ್ಪು ಪಟ್ಟಿ, ಎರಡು ಕಡೆ ಕಬ್ಬಿಣದ ಸಲಾಕೆ. ಮಂಡಿ ಮಡಿಸಿಯೇ ಬಿಗಿದರು, ಪಾದ ನೆಲಕ್ಕೆ ತಾಗಬಾರದು. ನಾವು ಬಿಚ್ಚಬಾರದು ಎಂದು ಮೇಲೊಂದು ಪ್ಲಾಸ್ಟಿಕ್ ಮುದ್ರೆ ಒತ್ತಿದರು. ಮೂಟೆಗೆ ಒತ್ತುತ್ತಾರಲ್ಲ, ಅಂಥದ್ದೇ. ಎರಡು ಊರುಗೋಲು ಕೊಟ್ಟರು.

ನಮ್ಮ ಕೋಣೆ ಮೂರನೇ ಮಹಡಿಯಲ್ಲಿ. ವ್ಯಾನಿನವನು ಕೆಳಗೆ ಬಿಟ್ಟು ಹೋದ. ಮೆಟ್ಟಿಲನ್ನು ನಾನು ಕೂತು ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಕೈಯೂರಿ ಹಿಂದಕ್ಕೆ ಏರಿದೆ. ಮೇಲೆ ಹೋದ ಮೇಲೆ ಕೆಳಗೆ ಇಳಿಯಲಿಲ್ಲ. ನೀರನ್ನು ಅತ್ತೆ ಹೊತ್ತು ತಂದಳು. ಮೂಲೆಯಲ್ಲಿ ಬಕೆಟ್ ಇಟ್ಟುಕೊಂಡೆವು. ಅದನ್ನು ಚೆಲ್ಲುವುದಕ್ಕೂ ಅತ್ತೆಯೇ ಇಳಿಯಬೇಕು, ಅತ್ತೆಯೇ ಹತ್ತಬೇಕು. "ರಾಣಿ ಅಮ್ಮನೋರು, ಆಯ್ತಾ?" ಎಂದು ಅಣಕಿಸುತ್ತಲೇ ಎತ್ತಿಕೊಂಡು ಹೋಗುತ್ತಿದ್ದಳು. ಕೂತು ಕೂಲಿ ನನಗೆ, ಹೊರೆ ಅವಳಿಗೆ.

ಮೊದಮೊದಲು ಕಾಲು ಕೆರೆಯಿತು. ಪಟ್ಟಿಯೊಳಗೆ ಕಡ್ಡಿ ತೂರಿಸಿ ಕೆರೆದುಕೊಂಡೆ. ಆಮೇಲೆ ಕೆರೆಯುವುದು ನಿಂತಿತು. ಆಮೇಲೆ ಪಟ್ಟಿ ಸಡಿಲವಾಯಿತು. ಗಂಟಲು ಬಂದು ಮತ್ತೆ ಬಿಗಿದು ಹೋದ. ಮತ್ತೆ ಸಡಿಲವಾಯಿತು. ಪಟ್ಟಿ ಇದ್ದಷ್ಟೇ ಇತ್ತು, ಸಣ್ಣಗಾಗುತ್ತಿದ್ದದ್ದು ತೊಡೆ. ಕಿಟಕಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವವರ ಕಾಲು ನೋಡಿದೆ. ಬೇರೇನೂ ನೋಡಬೇಕೆನಿಸಲಿಲ್ಲ.

ಬಿಚ್ಚಿದ ದಿನ ಒಳಗಿದ್ದ ಕಾಲು ನನ್ನದು ಅನಿಸಲಿಲ್ಲ. ಚರ್ಮ ಬೂದಿ ಬಣ್ಣ. ತೊಡೆ ಜೋತು ಬಿದ್ದಿತ್ತು. ಕೈಯಿಂದ ಒತ್ತಿದೆ. ಕೈಗೆ ಕಾಲು ತಿಳಿಯಿತು, ಕಾಲಿಗೆ ಕೈ ಸರಿಯಾಗಿ ತಿಳಿಯಲಿಲ್ಲ. ಕುರ್ಚಿಗೆ ಕೂರಿಸಿ ಪಟ್ಟಿ ಬಿಗಿಯುವಾಗ ಹೆದರಿಕೆ ಹುಟ್ಟಿತು. ಇಂಥ ಹೆದರಿಕೆ ನನಗೆ ಹಲಗೆಯ ಮೇಲೂ ಆಗಿದ್ದಿಲ್ಲ. ಬಲ ಹೋಗಿದ್ದರೆ? ಮೇಸ್ತ್ರಿ ಇಟ್ಟುಕೊಳ್ಳದಿದ್ದರೆ? ಗಂಟಲು ಕಿರುಚಲು ಶುರುಮಾಡುವ ಮೊದಲೇ ತಳ್ಳಿದೆ. ಹಲ್ಲು ಕಚ್ಚಿ ತಳ್ಳಿದೆ. ನಾಳೆಗೆ, ಸಂಜೆಗೆ, ಮೆಟ್ಟಿಲಿಗೆ ಅಂತ ಏನೂ ಉಳಿಸದೆ ತಳ್ಳಿದೆ. ನನ್ನ ಬಾಯಿಂದ ಆ ಕಾಲೇಜು ಹುಡುಗಿಯ ಕಿರುಚಾಟವೇ ಬಂತು. ಕಣ್ಣು ಕತ್ತಲಿಟ್ಟಿತು.

ಗೆರೆ ಎದ್ದಿತು. ಮೊದಲನೇ ದಿನ ಎಷ್ಟು ಎದ್ದಿತ್ತೋ ಅಷ್ಟೇ ಎದ್ದಿತು.

"ಸೂಪರ್ ಅಕ್ಕ!" ಎಂದು ಗಂಟಲು ಚಪ್ಪಾಳೆ ತಟ್ಟಿದ.

ಡಾಕ್ಟರಮ್ಮ ಓಡಿ ಬಂದಳು. ಪರದೆ ನೋಡಿದಳು. ಉದ್ದಕ್ಕನನ್ನು ಕೂರಿಸಿದರು, ಅವಳದೂ ಹಾಗೇ. ಡಾಕ್ಟರಮ್ಮನ ಮುಖ ಅರಳಿತು. ಬೇರೆ ಕೋಣೆಯಿಂದ ಜನ ಕರೆದು ತೋರಿಸಿದಳು. "ತೊಡೆ ಸಣ್ಣಗಾಗಿದೆ, ಬಲ ಮಾತ್ರ ಚೂರೂ ಇಳಿದಿಲ್ಲ. ಹೊರೆ ಹೊರೋರ ಕಾಲೇ ಬೇರೆ. ಇವರಿಗೆ ಕಸರತ್ತಿನ ಅಗತ್ಯಾನೇ ಇಲ್ಲ." ನನ್ನ ಹೆಗಲು ತಟ್ಟಿದಳು. "ನಿಮ್ಮದು ಹುಟ್ಟಾ ಗಟ್ಟಿ ಕಾಲು ಅಕ್ಕ."

ಹಿಗ್ಗಿದೆ. ಸುಳ್ಳೇಕೆ ಹೇಳಲಿ. ಇಷ್ಟು ಓದಿದವರು ನನ್ನ ಕಾಲು ಹೊಗಳಿದ್ದು ಅದೇ ಮೊದಲು. ಕಾಲೇಜು ಹುಡುಗಿಯ ಗೆರೆ ಅರ್ಧಕ್ಕೆ ನಿಂತಿತ್ತು. ಅವಳು ಅಳುತ್ತಿದ್ದಳು. ನಾನೇ ಹೋಗಿ ಸಮಾಧಾನ ಮಾಡಿದೆ. ಅವಳನ್ನು ಗಾಜಿನ ಆಚೆಯ ಕಸರತ್ತಿನ ಯಂತ್ರಕ್ಕೆ ಕರೆದುಕೊಂಡು ಹೋದರು. ನಮ್ಮನ್ನು ವ್ಯಾನು ಹತ್ತಿಸಿದರು.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಕಾಯಿಲೆ ಬಿದ್ದು, ಹೆತ್ತು, ಹೇಗೇ ರಜೆ ಹಾಕಿರಲಿ, ವಾಪಸ್ಸು ಬಂದವಳು ಅವತ್ತಿನ ಮೊದಲ ಮೂಟೆಯನ್ನು ಒಬ್ಬಳೇ ಹತ್ತಿಸಬೇಕು. ಮಿಕ್ಕವರು ಕೆಲಸ ನಿಲ್ಲಿಸಿ ನೋಡುತ್ತಾರೆ. ಹತ್ತಿಸಿದರೆ ಅವಳ ಜಾಗ ಅವಳದು. ಹತ್ತಿಸದಿದ್ದರೆ ಪೊರಕೆ. ಚೆಲ್ಲಿದ ಕಾಳು, ಸಕ್ಕರೆ ಗುಡಿಸಿ ಜರಡಿ ಹಿಡಿದು ಚೀಲ ತುಂಬುವ ಕೆಲಸ. ಅದು ಮುದುಕಿಯರ ಕೆಲಸ. ಅರ್ಧ ಕೂಲಿ. ಪೊರಕೆಗೆ ಹೋದವಳು ಹಲಗೆಗೆ ವಾಪಸ್ಸು ಬಂದದ್ದನ್ನು ನಾನು ನೋಡಿಲ್ಲ.

ಉದ್ದಕ್ಕ ಮೊದಲು ಹತ್ತಿದಳು. ಕಟ್ಟಿದ್ದ ಕಾಲನ್ನು ಎಳೆದುಕೊಂಡು, ಪ್ರತಿ ಹೆಜ್ಜೆಗೂ ಒಳ್ಳೆಯ ಕಾಲನ್ನೇ ಮುಂದಿಟ್ಟು, ಅವಡುಗಚ್ಚಿ ಹತ್ತಿದಳು. ಉದ್ದ ಕಾಲು ಅವಳನ್ನು ಉಳಿಸಿತು. ಆಮೇಲೆ ನಾನು. ಸಕ್ಕರೆ ಮೂಟೆ. ಉದ್ದಕ್ಕನೇ ಬೆನ್ನಿಗೆ ಏರಿಸಿದಳು. ನೆಲದ ಮೇಲೆ ನಡೆದೆ, ಸರಿಯಿತ್ತು. ಹಲಗೆಗೆ ಕಾಲಿಟ್ಟೆ, ಸರಿಯಿತ್ತು. ನಡುವಿಗೆ ಬಂದಾಗ ಮಂಡಿಯಲ್ಲಿ ಏನೂ ಇರಲಿಲ್ಲ. ನೋವಾಗಲಿಲ್ಲ. ಮಂಡಿ ಇರಬೇಕಾದ ಕಡೆ ಮಂಡಿ ಇರಲಿಲ್ಲ, ಅಷ್ಟೇ. ಮೂಟೆ ಬಲಕ್ಕೆ ಹೋಯಿತು, ನಾನು ಎಡಕ್ಕೆ ಬಿದ್ದೆ. ಮೂಟೆ ಒಡೆಯಿತು. ಸಕ್ಕರೆ ನನ್ನ ಕೂದಲಲ್ಲಿ, ಬಾಯಲ್ಲಿ. ಯಾರೂ ಮುಂದೆ ಬರಲಿಲ್ಲ. ಹಲಗೆಯಿಂದ ಬಿದ್ದವಳನ್ನು ಮೇಸ್ತ್ರಿ ನೋಡುವವರೆಗೆ ಯಾರೂ ಎತ್ತುವಂತಿಲ್ಲ.

ಮೇಸ್ತ್ರಿ ಬಂದ. ಮೊದಲು ಸಕ್ಕರೆ ನೋಡಿದ.

"ನಾಟಕ ಆಡ್ತೀಯಾ?" ಎಂದ. "ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಿನ್ನ ಕಾಲಿಗೆ ಒಂದು ಚೂರೂ ಏನೂ ಆಗಿಲ್ಲ ಅಂತ ಯಂತ್ರವೇ ಹೇಳಿದೆಯಂತೆ. ಕೂತು ತಿಂದು ಮೈ ಬಗ್ಗಲ್ಲ ಅನ್ನು."

"ಕಾಲು ನಿಲ್ತಿಲ್ಲ ಮೇಸ್ತ್ರಿ."

"ಯಂತ್ರ ಸುಳ್ಳು ಹೇಳುತ್ತಾ?"

ನಾನು ಬಾಯಲ್ಲಿದ್ದ ಸಕ್ಕರೆ ಉಗಿದೆ. ಅವನು ಕಾಲಿನಿಂದ ಪೊರಕೆಯನ್ನು ನನ್ನ ಕಡೆ ತಳ್ಳಿದ. ನಾನು ಬೀಳಿಸಿದ ಸಕ್ಕರೆಯನ್ನು ನಾನೇ ಗುಡಿಸಿದೆ. ಗುಂಪು ಮುಂದಿನ ಮೂಟೆಗೆ ಎದ್ದಿತು.

ಸಂಜೆ ಮೆಟ್ಟಿಲ ಮೇಲೆ ಅತ್ತೆ ನನ್ನನ್ನು ಕಂಡಳು. ಎರಡನೇ ಮಹಡಿಯಲ್ಲಿ ಗೋಡೆಗೆ ಒರಗಿ ಕೂತುಬಿಟ್ಟಿದ್ದೆ. ಪಕ್ಕದಲ್ಲಿ ಕೂತಳು. ನನ್ನ ಎರಡು ತೊಡೆಯನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದಳು, ಸಂತೆಯಲ್ಲಿ ತರಕಾರಿ ನೋಡುವ ಹಾಗೆ.

"ಇದು ಅರ್ಧ ಆಗಿದೆಯಲ್ಲೇ. ಇಳಿದಿಲ್ಲ ಅಂತ ಹೇಗೆ ಬಂತು?"

"ಬಂತು. ಎರಡು ಸಲವೂ ಅಷ್ಟೇ ಬಂತು."

"ಮೊದಲನೇ ದಿನ ಹೇಗೆ ತಳ್ಳಿದೆ?"

"ದಿನಾ ತಳ್ಳೋ ಹಾಗೆ."

"ಎರಡನೇ ಸಲ?"

"ಜೀವ ಹೋಗೋ ಹಾಗೆ."

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಆ ಸದ್ದು ಮುಗಿಯುವಷ್ಟರಲ್ಲಿ ನನಗೆ ಎಲ್ಲಾ ಅರ್ಥವಾಗಿತ್ತು. ಒಳ್ಳೆಯ ಕಾಲು ಇಟ್ಟುಕೊಂಡು ಕೊಟ್ಟಿದ್ದೂ, ಕೆಟ್ಟ ಕಾಲು ಬಳಿದು ಕೊಟ್ಟಿದ್ದೂ ಒಂದೇ ಆಗಿತ್ತು. ಉದ್ದಕ್ಕನದೂ ಅದೇ ಕಥೆ. ನಮ್ಮನ್ನು ಇಷ್ಟು ವರ್ಷ ಉಳಿಸಿದ ಬುದ್ಧಿಯೇ ಅಲ್ಲಿ ನಮ್ಮ ಕಾಲು ಮುರಿದಿತ್ತು. ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಹೋಗಿ ಹೇಳು" ಎಂದಳು ಅತ್ತೆ. "ಓದಿದೋರು, ಹೇಳಿದ್ರೆ ತಿಳೀತಾರೆ."

ಹೋಗಿ ಹೇಳಿದೆ. ಡಾಕ್ಟರಮ್ಮ ಮೊದಲು ಕೇಳಿಸಿಕೊಂಡಳು. ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಅವಳ ಮುಖದಲ್ಲಿ ಕಂಡಿತು. ಒಂದು ಗಳಿಗೆ ಕಣ್ಣು ನೆಲ ನೋಡಿತು. ಆಮೇಲೆ ಮುಖ ಗಂಟಾಯಿತು.

"ಅಂದ್ರೆ ಮೊದಲನೇ ದಿನ ನೀವು ನಮಗೆ ಮೋಸ ಮಾಡಿದ್ರಾ?"

"ಮೋಸ ಅಲ್ಲ. ನಾವು ತಳ್ಳೋದೇ ಹಾಗೆ."

"ಪೂರ್ತಿ ತಳ್ಳಿ ಅಂತ ಹೇಳಿದ್ವಲ್ಲ? ಅಷ್ಟು ಕೂಗಿದ್ವಲ್ಲ? ನಿಮಗೆ ಕೂಲಿ ಕೊಟ್ಟಿದ್ದು ಯಾತಕ್ಕೆ?" ಅಕ್ಕ ಎನ್ನುವುದು ಬಿಟ್ಟುಹೋಗಿತ್ತು. "ಈಗ ಬಂದು ಅವತ್ತು ಕಡಿಮೆ ತಳ್ಳಿದ್ದೆ ಅಂದ್ರೆ ನಾನು ಯಾವುದನ್ನ ನಂಬ್ಲಿ? ಕಸರತ್ತಿನ ಆಸೆಗೆ ಹೀಗೆ ಹೇಳ್ತಿದೀರಿ ಅಂತಲೂ ಅನ್ಕೋಬಹುದಲ್ಲ?"

"ಕಾಲು ಮುಟ್ಟಿ ನೋಡಿ. ಎರಡನ್ನೂ ಮುಟ್ಟಿ ನೋಡಿ."

ಅವಳು ಮುಟ್ಟಲಿಲ್ಲ. ಗಾಜಿನ ಆಚೆ ಕಾಲೇಜು ಹುಡುಗಿ ಯಂತ್ರದ ಮೇಲೆ ಕೂತು ಕಾಲು ಚಾಚಿ ಮಡಿಸಿ, ಚಾಚಿ ಮಡಿಸಿ ಮಾಡುತ್ತಿದ್ದಳು. ಒಬ್ಬ ಪಕ್ಕದಲ್ಲಿ ನಿಂತು ಮಂಡಿ ಸರಿ ಮಾಡುತ್ತಿದ್ದ. ಇನ್ನೊಬ್ಬಳು ಬಿಳಿ ಟವೆಲ್ ಕೊಟ್ಟಳು. ಹುಡುಗಿ ನನ್ನನ್ನು ನೋಡಿ ಕೈ ಬೀಸಿದಳು. ಒಳ್ಳೆಯ ಹುಡುಗಿ. ಅವಳ ಕಾಲು ವಾಪಸ್ಸು ಬರುತ್ತಿತ್ತು.

"ಯಂತ್ರ ಖಾಲಿ ಇದ್ದಾಗ ಮೂಲೆಯಲ್ಲಿ ಕೂತು ಮಾಡ್ಕೋತೀನಿ" ಎಂದೆ. ಬೇಡಿದೆ ಎಂದೇ ಹೇಳಬೇಕು. ಬೇಡುವಾಗ ಸೊಂಟ ತಾನಾಗಿ ಬಗ್ಗಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ನಿಮಗೆ ಕೊಟ್ರೆ ನನ್ನ ಸಂಶೋಧನೆ ಕೆಟ್ಟುಹೋಗುತ್ತೆ" ಎಂದಳು. "ಕೊನೆ ಅಳತೆ ಒಂದಿದೆ. ಅದಕ್ಕೆ ಬನ್ನಿ. ಕಡಿಮೆ ಬಂದ್ರೆ ಆಗ ನೋಡೋಣ."

ಕೊನೆಯ ಅಳತೆಯವರೆಗೆ ಗುಡಿಸಿದೆ. ಬೆಳಿಗ್ಗೆ ಗುಡಿಸಿದೆ, ಮಧ್ಯಾಹ್ನ ಜರಡಿ ಹಿಡಿದೆ, ಸಂಜೆ ಮೆಟ್ಟಿಲು ಕೂತು ಹತ್ತಿದೆ. ಅತ್ತೆ ಬಿಸಿ ಎಣ್ಣೆ ತಿಕ್ಕಿದಳು. ಎಣ್ಣೆ ಬಿಸಿ ಎಂದು ತಿಳಿಯುತ್ತಿತ್ತು, ಅದಕ್ಕಿಂತ ಹೆಚ್ಚು ಏನೂ ತಿಳಿಯುತ್ತಿರಲಿಲ್ಲ. ಗುಂಪಿನವರು ನನ್ನ ಪಕ್ಕದಲ್ಲಿ ಮೂಟೆ ಹೊತ್ತು ಹಾದುಹೋಗುವಾಗ ಮಾತಾಡಿಸುತ್ತಿರಲಿಲ್ಲ. ಸಿಟ್ಟಿಗಲ್ಲ. ಪೊರಕೆಯನ್ನು ನೋಡಬಾರದು ಎಂದು. ನಾನೂ ಹಲಗೆಯ ಮೇಲಿದ್ದಾಗ ಪೊರಕೆಯವರನ್ನು ನೋಡಿದವಳಲ್ಲ.

ಗುಡಿಸುತ್ತಾ ಒಂದೇ ಯೋಚನೆ. ಈಗ ಕುರ್ಚಿಯಲ್ಲಿ ಕೂತು ಪೂರ್ತಿ ತಳ್ಳಿದರೆ ಗೆರೆ ಹೋದ ಸಲದಷ್ಟೇ ಏಳುತ್ತದೆ. ಚೂರೂ ಇಳಿದಿಲ್ಲ ಎಂದು ಮತ್ತೊಂದು ಸಲ ಬರೆದುಕೊಳ್ಳುತ್ತಾರೆ. ಬೇಕೆಂದು ಕಡಿಮೆ ತಳ್ಳಿದರೆ ಕಳ್ಳಿ ಅನ್ನುತ್ತಾರೆ, ಈಗಾಗಲೇ ಅಂದಾಗಿದೆ. ಹೇಗೆ ತಳ್ಳಿದರೂ ಅದು ಅವರದು. ಇದನ್ನು ಉದ್ದಕ್ಕನಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ನನ್ನ ಕಾಲು ಸಂಜೆಯಾದ್ರೆ ಬೇರೆಯವರ ಮನೆಗೆ ಹೋಗ್ಬಿಡುತ್ತೆ ಕಣೆ" ಎಂದಳು. ಅಷ್ಟು ದಿನ ನನಗೂ ಹೇಳಿರಲಿಲ್ಲ. ಹೇಳಿದರೆ ಪೊರಕೆ.

ಕೊನೆಯ ಅಳತೆಯ ದಿನ ಇಬ್ಬರೂ ಹೋದೆವು. ಕೋಣೆಯಲ್ಲಿ ಹೊರಗಿನಿಂದ ಬಂದ ದೊಡ್ಡವರು ನಾಲ್ಕೈದು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಡಾಕ್ಟರಮ್ಮ ಮತ್ತೆ ಅಕ್ಕ ಎಂದಳು. "ಇವರೇ ನಾನು ಹೇಳಿದ ಹೊರೆಯವರು" ಎಂದು ತೋರಿಸಿದಳು. ಒಬ್ಬ ದೊಡ್ಡವನು ಬಗ್ಗಿ ನನ್ನ ಕಾಲು ನೋಡಿ ತಲೆದೂಗಿದ. ಮುಖ ನೋಡಲಿಲ್ಲ. ಉದ್ದಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು.

ನನಗೆ ಪಟ್ಟಿ ಬಿಗಿದರು. ಎದೆಗೆ, ಸೊಂಟಕ್ಕೆ, ತೊಡೆಗೆ. ಕಣಕಾಲಿಗೆ ಕಬ್ಬಿಣದ ತೋಳು ಕಟ್ಟಿದರು. ಎದುರು ಪರದೆ.

"ರೆಡೀನಾ ಅಕ್ಕ? ತಳ್ಳಿ!"

ತಳ್ಳಲಿಲ್ಲ.

"ತಳ್ಳಿ, ತಳ್ಳಿ, ತಳ್ಳಿ!"

ಗೆರೆ ಮಲಗಿಯೇ ಇತ್ತು. ಗಂಟಲು ನಿಲ್ಲಿಸಿ ವೈರುಗಳನ್ನು ನೋಡಿದ. ಒಂದನ್ನು ಕಿತ್ತು ಮತ್ತೆ ಚುಚ್ಚಿದ. ಮತ್ತೆ ಕಿರುಚಿದ. ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಗೆರೆ ನೆಟ್ಟಗೆ, ಉದ್ದಕ್ಕೆ ಹೋಗುತ್ತಿತ್ತು. ಒಳಗೆ ಸಿಟ್ಟು ಹುಡುಕಿದೆ. ಅದೂ ಮಲಗಿತ್ತು. ಕಾಲಿನ ಹಾಗೇ ಇಡೀ ಮೈ ಆಗಿತ್ತು. ಆದರೂ ತಳ್ಳಬಾರದು ಎನ್ನುವುದು ಗಟ್ಟಿಯಾಗಿ ನಿಂತಿತ್ತು. ಅದಕ್ಕೆ ಸಿಟ್ಟಿನ ಸಹಾಯ ಬೇಕಾಗಲಿಲ್ಲ.

ಡಾಕ್ಟರಮ್ಮ ಹತ್ತಿರ ಬಂದಳು. "ನೋವಾ ಅಕ್ಕ?"

"ಇಲ್ಲ."

"ಮತ್ತೆ?"

"ತಳ್ಳಲ್ಲ."

ದೊಡ್ಡವರ ಕಡೆ ತಿರುಗಿ ನಕ್ಕಳು. ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಇದೊಂದು ಸಲ ತಳ್ಳಿಬಿಡಿ. ಕಸರತ್ತಿನ ವಿಷಯ ಆಮೇಲೆ ಮಾತಾಡೋಣ."

"ಅದನ್ನ ಕಟ್ಟೋ ಮೊದಲೇ ಮಾತಾಡಿದ್ರಿ."

"ನೀವು ತಳ್ಳದಿದ್ರೆ ನಿಮ್ಮನ್ನ ಲೆಕ್ಕದಿಂದ ತೆಗೀಬೇಕಾಗುತ್ತೆ. ಇಷ್ಟು ದಿನದ ಕೆಲಸ ಎಲ್ಲಾ ಹಾಳು."

"ತೆಗೀರಿ."

"ಅಕ್ಕ, ಅರ್ಥ ಮಾಡ್ಕೊಳ್ಳಿ..."

"ನನ್ನ ಕಾಲು ನೋಡಿ, ಹೊರೋರಿಗೆ ಏನೂ ಆಗಲ್ಲ ಅಂತ ಬರೀಬೇಡಿ. ನನ್ನ ಕಾಲು ಹೋಗಿದೆ. ನೀವು ಕಟ್ಟಿದ್ರಿ, ಹೋಯ್ತು. ಕೊಡ್ತೀನಿ ಅಂದ್ರಿ, ಕೊಡಲಿಲ್ಲ. ಈಗ ಪಟ್ಟಿ ಬಿಚ್ಚಿ."

ಮೂಲೆಯಲ್ಲಿ ಯಾವುದೋ ಯಂತ್ರ ಗುಂಯ್‌ಗುಡುತ್ತಿತ್ತು. ನನ್ನ ಕಾಲು ನೋಡಿದ್ದ ದೊಡ್ಡವನು ಈಗ ಮುಖ ನೋಡಿದ. ಡಾಕ್ಟರಮ್ಮ ಕೈ ಕಟ್ಟಿಕೊಂಡು ನಿಂತಳು. ಪಟ್ಟಿ ಬಿಚ್ಚಿದ್ದು ಗಂಟಲು.

ಹೊರಗೆ ಬಂದೆ. ಬಾಗಿಲಲ್ಲಿ ಮಂಡಿ ಜಾರಿತು, ಗೋಡೆ ಹಿಡಿದೆ. ಉದ್ದಕ್ಕನನ್ನು ಕರೆದರು. ನಾನು ಅವಳಿಗೆ ಏನೂ ಹೇಳಲಿಲ್ಲ. ಅವಳಿಗೆ ಹಲಗೆ ಇನ್ನೂ ಇತ್ತು, ಕಳೆದುಕೊಳ್ಳುವುದಕ್ಕೆ. ಅವಳೂ ಏನೂ ಕೇಳದೆ ಒಳಗೆ ಹೋದಳು. ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ. ತಳ್ಳಿ, ತಳ್ಳಿ, ತಳ್ಳಿ, ಇನ್ನೂ, ಇನ್ನೂ. ದನಿ ಏರಿತು. ಮತ್ತೆ ಏರಿತು. ಒಡೆಯಿತು, ಕೆಮ್ಮಿದ, ನಿಂತಿತು.

ಉದ್ದಕ್ಕ ಬಟ್ಟೆ ಸರಿ ಮಾಡಿಕೊಳ್ಳುತ್ತಾ ಬಂದಳು.

"ತಳ್ಳಿದ್ಯಾ?"

"ಅವನೊಬ್ಬನೇ ತಳ್ಳಿದ ಕಣೆ, ಪಾಪ" ಎಂದಳು.

ನಗಬೇಕಿತ್ತು. ಇಬ್ಬರೂ ನಗಲಿಲ್ಲ.

ಮೇಸ್ತ್ರಿಗೆ ಫೋನ್ ಹೋಗಿತ್ತು. ಮರುದಿನ ಉದ್ದಕ್ಕನ ಕೈಗೂ ಪೊರಕೆ ಕೊಟ್ಟ. ಅವಳು ಹಿಡಿದಳು. ಆಳು ಉದ್ದ, ಪೊರಕೆ ಗಿಡ್ಡ, ಬಗ್ಗಿ ಬಗ್ಗಿ ಅವಳ ಬೆನ್ನು ಬಿಲ್ಲಾಯಿತು. ಇಬ್ಬರೂ ಅಕ್ಕಪಕ್ಕ ಗುಡಿಸಿದೆವು. ಗುಡಿಸುತ್ತಾ, ಮೂಟೆ ಹೊತ್ತು ಹಾದುಹೋಗುವ ಒಬ್ಬೊಬ್ಬರಿಗೂ ನಡೆದದ್ದು ಹೇಳಿದೆವು. ಜೋರಾಗಿ ಹೇಳಿದೆವು. ನೋಡದಿದ್ದರೆ ಬೇಡ, ಕಿವಿ ಇದೆಯಲ್ಲ. ಕಾಲು ತೋರಿಸಿದೆವು. ಒಂದಿಬ್ಬರು ನಿಂತರು. ಒಬ್ಬಳು ಬಗ್ಗಿ ನನ್ನ ತೊಡೆ ಮುಟ್ಟಿದಳು, ಆಮೇಲೆ ತನ್ನದನ್ನು ಮುಟ್ಟಿಕೊಂಡಳು.

ವಾರ ಕಳೆಯುವುದರೊಳಗೆ ವ್ಯಾನು ಬಂತು. ನಮ್ಮ ಬದಲಿಗೆ ಬೇರೆ ಕಾಲು ಬೇಕಾಗಿತ್ತು. ಚಹಾದ ಹೊತ್ತು. ಗುಂಪು ಉಪ್ಪಿನ ಮೂಟೆಗಳ ಮೇಲೆ ಕೂತಿತ್ತು. ಈ ಸಲ ಡಾಕ್ಟರಮ್ಮ ಬಂದಿರಲಿಲ್ಲ, ಗಂಟಲು ಒಬ್ಬನೇ ಇಳಿದ. ಮೇಸ್ತ್ರಿ ಅವನ ಪರವಾಗಿ ಕೂಗಿದ. "ಹೋದ ಸಲಕ್ಕಿಂತ ಹೆಚ್ಚು ಕೂಲಿ. ಯಾರು ಹೋಗ್ತೀರಿ?"

ಎಲ್ಲರೂ ಚಹಾ ಕುಡಿದರು.

"ಯಾರು ಅಂತ ಕೇಳ್ದೆ! ಹೋಗದಿದ್ರೆ ನಾಳೆಯಿಂದ ಎಲ್ಲರಿಗೂ ಪೊರಕೆ!"

"ಎಲ್ಲರೂ ಗುಡಿಸಿದ್ರೆ ಲಾರಿ ನೀನು ತುಂಬ್ತೀಯಾ ಮೇಸ್ತ್ರಿ?" ಎಂದು ಒಬ್ಬಳು ಕೇಳಿದಳು. ನನ್ನ ತೊಡೆ ಮುಟ್ಟಿದ್ದವಳು. ಮೇಸ್ತ್ರಿ ಲಾರಿ ನೋಡಿದ. ಯಾರೂ ಏಳಲಿಲ್ಲ.

ನನಗೆ ಖುಷಿಯಾಗಬೇಕಿತ್ತು. ಆಗಬಹುದೆಂದು ಪೊರಕೆ ಹಿಡಿದು ನಿಂತೇ ಇದ್ದೆ.

ಗಂಟಲು ವ್ಯಾನಿಗೆ ಹಿಂದಿರುಗುವಾಗ ನನ್ನ ಹತ್ತಿರ ನಿಂತ. ಕಿರುಚಿ ಕಿರುಚಿ ಅವನ ದನಿ ಇನ್ನೂ ಸರಿಯಾಗಿರಲಿಲ್ಲ. ಕೆಳಗೆ ನೋಡುತ್ತಾ ಕೇಳಿದ. ಅಲ್ಲಿಯವರು ಯಾರೂ ಅದುವರೆಗೆ ಕೇಳದೇ ಇದ್ದದ್ದನ್ನು ಕೇಳಿದ.

"ಕಾಲು ಹೇಗಿದೆ ಅಕ್ಕ?"

"ನಿಮ್ಮ ಯಂತ್ರದಲ್ಲಿ ಚೆನ್ನಾಗಿದೆ" ಎಂದೆ. "ಇಲ್ಲಿ ಇಲ್ಲ."